ಹಕ್ಸ್ಲಿಯೂ ಗೋರಕ್ಷನೂ: ಸಾಗರದ ಓದುಗರಿಗೆ ಸಂಪಾದಕರ ಉತ್ತರ

(ಯುನೆಸ್ಕೋದ ಜೂಲಿಯನ್ ಹಕ್ಸ್ಲಿ ಕುರಿತ ಕಳೆದ ಸಂಚಿಕೆಯ ಲೇಖನ ಓದಿ ಸಾಗರದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದ್ದಾರೆ: "ದೇಶದೇಶಗಳ ನಡುವೆ ಸಂಧಾನ ಮಾಡುವವರಿಗೆ ಧರ್ಮದ ಗೊಡವೆ ಯಾಕೆ? ವಿಜ್ಞಾನದಿಂದ ಮನುಷ್ಯನ ಮಿತಿಗಳನ್ನೇ ದಾಟುತ್ತೇವೆನ್ನುವ ಈ ಟ್ರಾನ್ಸ್‌ಹ್ಯೂಮನಿಸಂಗೂ ಮಲೆನಾಡಿಗೂ ಎಲ್ಲಿಯ ನಂಟು?")

ಮೇಷ್ಟ್ರೇ,

ನಂಟು ನಮ್ಮ ಜಿಲ್ಲೆಯಲ್ಲೇ ಇದೆ. ಮೊದಲು ಹಕ್ಸ್ಲಿ ವಿಚಾರ ಮುಗಿಸಿಬಿಡುತ್ತೇನೆ.

ಕಸುಬಿನಿಂದ ಅವರು ಜೀವವಿಜ್ಞಾನಿ. 1946ರಲ್ಲಿ ಯುನೆಸ್ಕೋದ ಮೊದಲ ಮಹಾನಿರ್ದೇಶಕರಾದ ಮೇಲೆ ಸಂಧಾನ ಹೆಗಲಿಗೆ ಬಿತ್ತು. ನಾನಾ ನಂಬಿಕೆಯ ದೇಶಗಳನ್ನು ಜೊತೆಗೆ ಕೂರಿಸಬೇಕಾದವರು ಧರ್ಮದ ಗೊಡವೆ ಬೇಡ ಅಂದರೆ ಆಗುತ್ತದೆಯೇ? ಹಕ್ಸ್ಲಿ ಮಾಡಿದ ಎಡವಟ್ಟು ಬೇರೆ. ವಿಕಾಸವಾದದ ಮೇಲೆ ನಿಂತ ತತ್ವವೊಂದನ್ನು ಸಂಸ್ಥೆಗೇ ಬರೆದುಕೊಟ್ಟರು. ಸದಸ್ಯರು ಒಪ್ಪದೆ, ಅದು 'ಲೇಖಕರ ಸ್ವಂತ ಅಭಿಪ್ರಾಯ' ಎಂಬ ಚೀಟಿ ಹೊತ್ತು ಹೊರಬಂತು. ಒಳ್ಳೆಯದೇ ಆಯಿತು. ಅದರಲ್ಲಿ ಸುಜನನಶಾಸ್ತ್ರದ ವಕಾಲತ್ತೂ ಇತ್ತು. ಯಾರು ಹುಟ್ಟಬೇಕು, ಯಾರು ಬೇಡ ಎಂದು ಎಣಿಸುವ ಆ ವಿದ್ಯೆಯನ್ನು ನಾಜಿಗಳು ಎಲ್ಲಿಗೆ ಮುಟ್ಟಿಸಿದ್ದರೆಂದು ಲೋಕ ಆಗಷ್ಟೇ ಕಂಡಿತ್ತು.

ಆದರೆ ನೀವು ಅವರನ್ನು 'ಬರೀ ನಾಸ್ತಿಕ' ಅಂದುಬಿಟ್ಟಿದ್ದೀರಿ, ಅದು ಸಲ್ಲದು. ವಿಕಾಸವೆಲ್ಲ ಕೊನೆಗೆ ದೇವರನ್ನೇ ಸೇರುತ್ತದೆ ಎಂದು ಬರೆದ ಜೆಸ್ವಿಟ್ ಪಾದ್ರಿ ತೆಯಾರ್ ದ ಶಾರ್ದಾ ಅವರ ಪುಸ್ತಕ 1959ರಲ್ಲಿ ಇಂಗ್ಲಿಷಿಗೆ ಬಂದಾಗ ಮುನ್ನುಡಿ ಬರೆದವರು ಇದೇ ಹಕ್ಸ್ಲಿ. ಅದೇ ಪಾದ್ರಿಯ ಬರಹಗಳ ಬಗ್ಗೆ 1962ರಲ್ಲಿ ಎಚ್ಚರಿಕೆ ಹೊರಡಿಸಿದ್ದು ವ್ಯಾಟಿಕನ್!

ಅಪ್ಪಟ ರಾಜತಾಂತ್ರಿಕರೇ ಬೇಕೆಂದರೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹ್ಯಾಮರ್‌ಶೋಲ್ಡ್ ಇದ್ದಾರೆ. ನ್ಯೂಯಾರ್ಕಿನ ಕೇಂದ್ರ ಕಚೇರಿಯಲ್ಲಿ ಧ್ಯಾನಕ್ಕೆಂದು ಒಂದು ಕೋಣೆ ಮಾಡಿಸಿ, ನಡುವೆ ಕಬ್ಬಿಣದ ಅದಿರಿನ ದೊಡ್ಡ ಬಂಡೆ ಇರಿಸಿದರು. ಯಾವ ಮತದ ಗುರುತೂ ಇಲ್ಲ. 1961ರಲ್ಲಿ ವಿಮಾನ ಬಿದ್ದು ತೀರಿಕೊಂಡ ಮೇಲೆ ಅವರ ಟಿಪ್ಪಣಿ ಪುಸ್ತಕ ಸಿಕ್ಕಿತು: ರಾಜಕಾರಣದ ಸುದ್ದಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ತುಂಬ ದೇವರ ಜೊತೆಗಿನ ಮಾತುಕತೆ. ತಮ್ಮ ನಂಬಿಕೆಯನ್ನು ಯಾರ ತಲೆಗೂ ಕಟ್ಟದ ಇವರೇ ಸಂಧಾನಕ್ಕೆ ಲಾಯಕ್ಕು ಎಂದು ನನ್ನ ಎಣಿಕೆ.

ಇನ್ನು ನಮ್ಮ ಜಿಲ್ಲೆ. ಬಳ್ಳಿಗಾವಿಯ ಅಲ್ಲಮನಿಗೆ ಗೋರಕ್ಷ ಎದುರಾದ ಕಥೆಯನ್ನು ನೀವೇ ತರಗತಿಯಲ್ಲಿ ಹೇಳಿರುತ್ತೀರಿ. ಸಾಧನೆಯಿಂದ ಮೈಯನ್ನು ವಜ್ರ ಮಾಡಿಕೊಂಡವನು ಗೋರಕ್ಷ. ಕತ್ತಿ ಕೊಟ್ಟು ಹೊಡೆ ಅನ್ನುತ್ತಾನೆ. ಹೊಡೆದರೆ ಖಣಿಲ್ ಎಂಬ ಸದ್ದು, ಕೂದಲೂ ಕೊಂಕದು. ಅದೇ ಕತ್ತಿಯನ್ನು ಅಲ್ಲಮನ ಮೇಲೆ ಬೀಸಿದರೆ ತಡೆಯೇ ಇಲ್ಲ, ಬರೀ ಬಯಲು. ಅಳಿಯದ ಮೈ ಬೇಕೆನ್ನುವವರಿಗೆ ನಮ್ಮವರು ಎಂದೋ ಎತ್ತಿದ ತಕರಾರು ಇದು.

ನೀವು ಅಲ್ಲಮನ ಪಕ್ಷ, ಗೊತ್ತು. ನಾನು ಅಷ್ಟು ಸುಲಭವಾಗಿ ಆ ಕಡೆ ಬರಲಾರೆ. ಹಕ್ಸ್ಲಿಯವರ 'ಟ್ರಾನ್ಸ್‌ಹ್ಯೂಮನಿಸಂ' ಪ್ರಬಂಧ ಅಚ್ಚಾದ 1957ರಲ್ಲೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಮಂಗನ ಕಾಯಿಲೆಯ ವೈರಸ್ ಪತ್ತೆಯಾಯಿತು. ಸೊಪ್ಪು, ಸೌದೆಗೆ ಹೋದವರಿಗೆ ಉಣುಗು ಕಚ್ಚಿ ಇವತ್ತಿಗೂ ಜ್ವರ ಬರುತ್ತದೆ, ಸಾವುಗಳೂ ಆಗುತ್ತಿವೆ. ಹಳೆಯ ಲಸಿಕೆಯ ಫಲ ಸಾಲದೆಂದು ನಿಲ್ಲಿಸಿದ್ದೂ ಆಯಿತು. ಹೀಗಿರುವಾಗ ಮೈಯ ಮಿತಿ ಮೀರಬೇಕೆನ್ನುವವರನ್ನು ಕಂಡು ನಗಲು ನನಗೆ ಮನಸ್ಸಿಲ್ಲ. ವಜ್ರದ ಮೈ ಮೊದಲು ಯಾರಿಗೆ ಸಿಗುತ್ತದೆ, ದುಡ್ಡಿದ್ದವರಿಗೋ ಸೌದೆಗೆ ಹೋಗುವವರಿಗೋ ಎಂಬುದೊಂದೇ ಅವರಲ್ಲಿ ನನ್ನ ಜಗಳ. ನೀವು ಒಪ್ಪದಿದ್ದರೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

— ಸಂ.