ಹೊಡೆದು ಹಾಕಿದ ಸಾಲು

‘ಲೇಖನ ಓದಿದ ಮೇಲೆ ನಾಲ್ಕು ಮಾತು ಬರೆಯಬೇಕೆನ್ನಿಸುತ್ತದೆ. ಚೆನ್ನಾಗಿದೆ ಎಂದರೆ ಬಾಯುಪಚಾರವಾಗುತ್ತದೆ, ತಪ್ಪು ತೋರಿಸಿದರೆ ಕೊಂಕು ಎನ್ನಿಸಿಕೊಳ್ಳುತ್ತದೆ. ನನ್ನಂಥವರು ಓದಿ ಸುಮ್ಮನಿರುವುದೇ ಲೇಸಲ್ಲವೇ?’
– ಓದುಗರೊಬ್ಬರು (ಹೆಸರು ಬೇಡವೆಂದಿದ್ದಾರೆ)

ಮಾನ್ಯರೇ,

ಲೇಸಲ್ಲ. ಹೀಗೆನ್ನುವುದರಲ್ಲಿ ನನ್ನ ಸ್ವಾರ್ಥವೂ ಇದೆಯೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಓದುಗರ ಪತ್ರ ಬಾರದ ತಿಂಗಳು, ಬಾವಿಗೆ ಕಲ್ಲು ಹಾಕಿ ಸದ್ದಿಗಾಗಿ ಕಿವಿಗೊಟ್ಟು ನಿಂತಂತಿರುತ್ತದೆ. ಬರೆಯುವವರ ಪಾಡು ಇನ್ನೂ ಕಷ್ಟ. ವಾರಗಟ್ಟಲೆ ಕೂತು ತಿದ್ದಿದ್ದನ್ನು ಯಾರಾದರೂ ಕೊನೆಯವರೆಗೆ ಓದಿದರೇ ಎಂಬುದೂ ಅವರಿಗೆ ತಿಳಿಯುವುದಿಲ್ಲ.

ಹಿಂದೊಮ್ಮೆ ನಮ್ಮಲ್ಲಿ ಅಚ್ಚಾದ ಕಥೆಯೊಂದಕ್ಕೆ ಬಂದ ಕಾರ್ಡು ಇನ್ನೂ ನನ್ನ ಮೇಜಿನ ಗಾಜಿನ ಕೆಳಗಿದೆ. ಅದರಲ್ಲಿರುವುದು ಇಷ್ಟೇ: ‘ಮೂರನೆಯ ಪ್ಯಾರಾದಲ್ಲಿ ಬಿದಿಗೆಯ ಚಂದ್ರ ನಡುರಾತ್ರಿ ನೆತ್ತಿಯ ಮೇಲಿದ್ದಾನೆ. ಅವನು ಸೂರ್ಯನ ಹಿಂದೆಯೇ ಮುಳುಗಿಬಿಡುತ್ತಾನಲ್ಲ? ಕಥೆ ಹಿಡಿಸಿತು, ಅದಕ್ಕೇ ಹೇಳಿದೆ.’ ಕಥೆಗಾರರು ಕಾರ್ಡನ್ನು ಎರಡು ಸಲ ಓದಿ ನಕ್ಕರು. ಸಂಕಲನಕ್ಕೆ ಸೇರಿಸುವಾಗ ಚಂದ್ರನನ್ನೇ ತೆಗೆದುಹಾಕಿ ಕತ್ತಲೆಯನ್ನು ಉಳಿಸಿಕೊಂಡರು. ಆ ಕತ್ತಲೆಯಿಂದ ಕಥೆಗೆ ಕಳೆ ಬಂತು. ಅದೇ ಕಥೆಗೆ ಇನ್ನೊಬ್ಬರಿಂದ ಮೂರು ಹಾಳೆಯ ಪತ್ರವೂ ಬಂದಿತ್ತು. ಲೇಖಕರ ವಯಸ್ಸು, ಓದು, ಅಹಂಕಾರ ಎಲ್ಲವೂ ಅದರಲ್ಲಿದ್ದವು, ಕಥೆಯೊಂದನ್ನು ಬಿಟ್ಟು. ಅದನ್ನು ನಾನು ಅಚ್ಚು ಮಾಡಲಿಲ್ಲ.

ಒಂದು ಜಾಗಕ್ಕೆ ಬೆರಳಿಟ್ಟಾಗ ಪ್ರತಿಕ್ರಿಯೆಗೆ ತೂಕ ಬರುತ್ತದೆ. 1913ರ ಜನವರಿ 16ರಂದು ಶ್ರೀನಿವಾಸ ರಾಮಾನುಜನ್ ಅವರು ಇಂಗ್ಲೆಂಡಿನ ಗಣಿತಜ್ಞ ಜಿ. ಎಚ್. ಹಾರ್ಡಿಗೆ ಬರೆದ ಪತ್ರ ಲೋಕಪ್ರಸಿದ್ಧ. ಅದೂ ಒಬ್ಬ ಓದುಗರ ಪ್ರತಿಕ್ರಿಯೆಯೇ ಎಂಬುದನ್ನು ನಾವು ಮರೆಯುತ್ತೇವೆ. ಹಾರ್ಡಿಯ ಕಿರುಹೊತ್ತಗೆಯ 36ನೆಯ ಪುಟದಲ್ಲಿ, ಅವಿಭಾಜ್ಯ ಸಂಖ್ಯೆಗಳ ಎಣಿಕೆಗೆ ಖಚಿತವಾದ ಸೂತ್ರ ಇನ್ನೂ ಸಿಕ್ಕಿಲ್ಲವೆಂಬ ಮಾತಿತ್ತು. ರಾಮಾನುಜನ್ ಪುಟಸಂಖ್ಯೆಯ ಸಮೇತ ಅದನ್ನು ಎತ್ತಿಕೊಂಡು, ತಮಗೆ ಬಹಳ ಹತ್ತಿರದ ಸೂತ್ರವೊಂದು ದೊರೆತಿದೆ ಎಂದರು. ತಮಾಷೆಯೆಂದರೆ, ಅವಿಭಾಜ್ಯಗಳ ಆ ವಿಷಯದಲ್ಲಿ ಅವರೇ ಎಡವಿದ್ದರು. ಆದರೆ ಪತ್ರದೊಂದಿಗಿದ್ದ ಪ್ರಮೇಯಗಳು ಹಾರ್ಡಿಯನ್ನು ಸುಮ್ಮನೆ ಕೂರಲು ಬಿಡಲಿಲ್ಲ. ಎಲ್ಲಿ ತಪ್ಪಾದೀತೋ ಎಂದು ಪೆನ್ನಿನ ಮುಚ್ಚಳ ಹಾಕುವವರಿಗೆಲ್ಲ ನಾನು ಆ 36ನೆಯ ಪುಟವನ್ನು ನೆನಪಿಸುತ್ತಿರುತ್ತೇನೆ.

ಹೊಗಳಿಕೆಯೂ ಹಾಗೆಯೇ. ಬರಿಯ ‘ಚೆನ್ನಾಗಿದೆ’ಯನ್ನು ನಾನು ಹೀಗಳೆಯಲಾರೆ, ಸೋತು ಕೂತ ದಿನ ಅದೂ ಬೇಕಾಗುತ್ತದೆ. ಆದರೆ ಓದಿದ ಮೇಲೆ ನಿಮ್ಮೊಳಗೆ ಏನು ಅಲುಗಿತು ಎಂದು ಹೇಳಿದರೆ ಅದರ ಬೆಲೆಯೇ ಬೇರೆ. 1859ರ ನವೆಂಬರಿನಲ್ಲಿ ಡಾರ್ವಿನ್ ಜೀವಜಾತಿಗಳ ಉಗಮವನ್ನು ಕುರಿತ ತಮ್ಮ ಪುಸ್ತಕದ ಪ್ರತಿಯೊಂದನ್ನು ಪಾದ್ರಿಯೂ ಕಾದಂಬರಿಕಾರರೂ ಆಗಿದ್ದ ಚಾರ್ಲ್ಸ್ ಕಿಂಗ್ಸ್ಲಿಗೆ ಮುಂಗಡವಾಗಿ ಕಳುಹಿಸಿದ್ದರು. ತಾವೇ ಬೇರೆ ಬೇರೆ ರೂಪಗಳಾಗಿ ಬೆಳೆಯಬಲ್ಲ ಕೆಲವೇ ಜೀವಿಗಳನ್ನು ದೇವರು ಸೃಷ್ಟಿಸಿದನೆಂದುಕೊಳ್ಳುವುದೂ, ಮತ್ತೆ ಮತ್ತೆ ಹೊಸದಾಗಿ ಸೃಷ್ಟಿಸಬೇಕಾಯಿತು ಎನ್ನುವಷ್ಟೇ ಉದಾತ್ತವೆಂದು ತಮಗೆ ಮೆಲ್ಲಗೆ ಮನವರಿಕೆಯಾಗುತ್ತಿದೆ ಎಂದು ಕಿಂಗ್ಸ್ಲಿ ಉತ್ತರಿಸಿದರು. 1860ರ ಜನವರಿಯಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಆ ಮಾತು ಕಿಂಗ್ಸ್ಲಿಯ ಹೆಸರಿಲ್ಲದೆ ಸೇರಿಕೊಂಡಿತು. ಓದುಗರ ಸಾಲೊಂದು ಪುಸ್ತಕದೊಳಕ್ಕೇ ಹೋಗಿ ಕೂತಿತು!

ಇನ್ನು ರೀತಿ ನೀತಿ. ಪೂರ್ತಿ ಓದಿ ಬರೆಯಿರಿ. ಶೀರ್ಷಿಕೆ ನೋಡಿಯೇ ಸಿಟ್ಟಾದವರ ಪತ್ರ ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ಲೇಖಕರ ಮಾತನ್ನು ಎತ್ತಿಕೊಳ್ಳುವಾಗ ಅರ್ಧಕ್ಕೆ ಕತ್ತರಿಸಬೇಡಿ. ಬರಹದ ತಪ್ಪನ್ನು ಬರೆದವರ ಗುಣದ ಮೇಲೆ ಹೊರಿಸಬೇಡಿ. ಕೋಪ ಬಂದ ರಾತ್ರಿ ಬರೆಯಿರಿ, ಅಡ್ಡಿಯಿಲ್ಲ, ಕಳುಹಿಸುವುದು ಮಾತ್ರ ಬೆಳಗಾದ ಮೇಲಿರಲಿ. ‘ಲೇಖನ ಸೊಗಸಾಗಿದೆ, ಹಾಗೆಯೇ ನನ್ನ ಲಗತ್ತಿಸಿದ ಹದಿನಾಲ್ಕು ಕವಿತೆಗಳನ್ನೂ ನೋಡಿ’ ಎಂಬ ಪತ್ರಗಳ ಬಗ್ಗೆ ಏನೂ ಹೇಳುವುದಿಲ್ಲ.

ಹೆಸರು ಮುಚ್ಚಿಡುವುದಕ್ಕೆ ನನ್ನ ತಕರಾರಿಲ್ಲ. ನೌಕರಿ, ನೆಂಟಸ್ತಿಕೆ, ಸಂಕೋಚ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಕಾರಣವಿರುತ್ತದೆ. ಆದರೆ ಹೆಸರಿಲ್ಲದೆ ಇನ್ನೊಬ್ಬರ ಹೆಸರು ಹಿಡಿದು ಬೈಯುವ ಪತ್ರವನ್ನು ಹರಿದು ಬುಟ್ಟಿಗೆ ಹಾಕುತ್ತೇನೆ. ಲೇಖಕರಿಗೂ ಒಂದು ಮಾತು: ತಪ್ಪಿದ್ದರೆ ಒಂದು ಸಾಲಿನಲ್ಲಿ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಒಮ್ಮೆ ವಿವರಿಸಿ. ಉತ್ತರಕ್ಕೆ ಪ್ರತ್ಯುತ್ತರ, ಅದಕ್ಕೊಂದು ಮರುತ್ತರ ಎಂದು ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಲೇಖನ ಮಾಯವಾಗಿ ಇಬ್ಬರ ಹಠ ಮಾತ್ರ ಉಳಿದಿರುತ್ತದೆ.

ಕೊನೆಗೆ ನಿಮ್ಮ ಪತ್ರದ ವಿಚಾರ. ಸಹಿಯ ಮೇಲೆ ಒಂದು ಸಾಲನ್ನು ಬರೆದು, ಶಾಯಿಯಿಂದ ಗೀಚಿ ಹೊಡೆದು ಹಾಕಿದ್ದೀರಿ. ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ‘ನಿಮ್ಮ ಸಂಪಾದಕೀಯ ಈಚೆಗೆ’ ಎಂಬಲ್ಲಿಯವರೆಗೆ ಓದಲು ಬಂತು, ಮುಂದಿನದು ಬರಲಿಲ್ಲ. ದಯವಿಟ್ಟು ಆ ಸಾಲನ್ನು ಇನ್ನೊಮ್ಮೆ, ಗೀಚದೆ, ಬರೆದು ಕಳುಹಿಸಿ.

– ಸಂಪಾದಕ