ರಿಪೋರ್ಟ್ ಎಲ್ಲ ನಾರ್ಮಲ್, ಆದರೂ ಸುಸ್ತು: ವಾಕಿಂಗ್ ಹೋಗಲಾ ಡಾಕ್ಟ್ರೇ?

ಕೊರೋನಾ ಬಂದು ಹೋದ ಮೇಲೆ ವ್ಯಾಯಾಮ ಯಾವಾಗ ಶುರು ಮಾಡಬೇಕು? ಈ ಪ್ರಶ್ನೆ ಬರದ ವಾರವಿಲ್ಲ. ಮಾಸ್ಕ್, ಕೈ ತೊಳೆಯೋದು, ದೂರ ನಿಲ್ಲೋದು ಇವನ್ನೆಲ್ಲ ಇಲ್ಲಿ ಮತ್ತೆ ಹೇಳುವುದಿಲ್ಲ. 2020ರಲ್ಲಿ ಯಾರಿಗೇ ಫೋನ್ ಮಾಡಿದರೂ ಮೊದಲು ಕೆಮ್ಮಿನ ಸದ್ದು, ಆಮೇಲೆ ಆ ಪಾಠ. ಎಲ್ಲರಿಗೂ ಬಾಯಿಪಾಠ ಆಗಿದೆ. ನೇರ ಪ್ರಶ್ನೆಗೆ ಬರೋಣ.

ಪ್ರಶ್ನೆ: ನನಗೆ 36 ವರ್ಷ. ಕೊರೋನಾ ಬಂದು ನಾಲ್ಕು ತಿಂಗಳಾಯ್ತು, ಆಸ್ಪತ್ರೆಗೆ ಸೇರಿರಲಿಲ್ಲ. ಒಂದು ದಿನ ಮೈ ಹಗುರ ಅನ್ನಿಸಿದರೆ ಬಾಕಿ ಕೆಲಸ ಎಲ್ಲ ಮುಗಿಸುತ್ತೇನೆ. ಮಾರನೇ ದಿನವೋ ಅದರ ಮಾರನೇ ದಿನವೋ ಏಳೋಕೇ ಆಗಲ್ಲ. ಮೈಕೈ ನೋವು, ತಲೆ ಮಂಕು. ರಕ್ತಪರೀಕ್ಷೆ, ಎಕ್ಸ್‌ರೇ, ಇಸಿಜಿ ಎಲ್ಲ ನಾರ್ಮಲ್. ನಮ್ಮ ಯಜಮಾನರು 'ಕೂತು ಕೂತು ಹೀಗಾಗಿದೆ, ದಿನಾ ವಾಕಿಂಗ್ ಹೋಗು' ಅಂತಾರೆ. ಹೋಗಲಾ? – ಗೃಹಿಣಿ, ಹುಬ್ಬಳ್ಳಿ

ಉತ್ತರ: ಸದ್ಯಕ್ಕೆ ಬೇಡಮ್ಮಾ. ಈ ಉತ್ತರವನ್ನು ನಿಮ್ಮ ಯಜಮಾನರಿಗೂ ಓದಿಸಿ.

ಕೂತು ಕೂತು ಬರುವ ಸುಸ್ತು ಬೇರೆ. ಅದು ಕೆಲಸ ಮಾಡುವಾಗಲೇ ಬರುತ್ತದೆ, ರಾತ್ರಿ ನಿದ್ದೆ ಮಾಡಿದರೆ ಹೋಗುತ್ತದೆ. ಅಂಥ ಸುಸ್ತು ಇರುವವರಿಗೆ ವಾಕಿಂಗ್ ಒಳ್ಳೆಯದೇ. ನಿಮ್ಮದು ಹಾಗಲ್ಲ. ಕೆಲಸ ಮಾಡಿದ ದಿನ ಏನೂ ಆಗುವುದಿಲ್ಲ, ಒಂದೆರಡು ದಿನ ಬಿಟ್ಟು ಹೊಡೆಯುತ್ತದೆ. ಕೆಲವರಿಗೆ ವಾರಗಟ್ಟಲೆ ಬಿಡುವುದಿಲ್ಲ. ಪೋಸ್ಟ್ ಎಕ್ಸರ್ಷನಲ್ ಮಲೇಸ್ ಅಂತ ಇದರ ಹೆಸರು. ನಾನು ರೋಗಿಗಳಿಗೆ ಮೀಟರ್ ಬಡ್ಡಿ ಅನ್ನುತ್ತೇನೆ. ಇವತ್ತು ಹತ್ತು ರೂಪಾಯಿ ಶಕ್ತಿ ಸಾಲ ತಂದರೆ ನಾಳಿದ್ದು ನಲವತ್ತು ಕಟ್ಟಬೇಕು.

'ರಿಪೋರ್ಟ್ ನಾರ್ಮಲ್, ಅಂದ್ರೆ ಎಲ್ಲ ಮನಸ್ಸಿಂದು' ಅನ್ನುವ ವೈದ್ಯರೂ ಇದ್ದಾರೆ. ನನಗೆ ರೇಗುವುದು ಅಲ್ಲೇ. ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ನಿಮ್ಮಂಥದೇ ತೊಂದರೆ ಇದ್ದ 25 ಮಂದಿಗೆ ಸೈಕಲ್ ತುಳಿಸಿದರು. ಮೊದಲೊಮ್ಮೆ, ತುಳಿದ ಮಾರನೇ ದಿನ ಇನ್ನೊಮ್ಮೆ ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ಸ್ನಾಯುವಿಗೆ ಪೆಟ್ಟಾಗಿತ್ತು, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೋಕಾಂಡ್ರಿಯಾ ಸೊರಗಿತ್ತು. ಇದು ಪ್ರಕಟವಾದದ್ದು 2024ರಲ್ಲಿ. ಎಕ್ಸ್‌ರೇ, ಇಸಿಜಿಯಲ್ಲಿ ಇದು ಎಲ್ಲಿಂದ ಕಾಣಬೇಕು?

ಇನ್ನೊಂದು ಮಾತು. ವಾಕಿಂಗ್ ಹೋಗಲಾ ಅಂತ ಕೇಳುತ್ತೀರಿ, ಆದರೆ ಮನೆಯಲ್ಲಿ ಮಾಡುವ ಕೆಲಸದ ಲೆಕ್ಕವೇ ಇಲ್ಲ. ಐದು ಜನರ ಮನೆಗೆ ಇಪ್ಪತ್ತು ಜೋಳದ ರೊಟ್ಟಿ ಬಡಿಯೋದು ವ್ಯಾಯಾಮ ಅಲ್ವಾ? ಬಿಸಿ ಹಿಟ್ಟು ನಾದಬೇಕು, ಒಲೆ ಪಕ್ಕ ನಿಂತು ಒಂದೊಂದಾಗಿ ಬಡಿಯಬೇಕು, ತಿರುವಬೇಕು. ನಿಮ್ಮ ಯಜಮಾನರಿಗೆ ಒಂದು ದಿನ ಬಡಿಯಲು ಹೇಳಿ, ಆಮೇಲೆ ವಾಕಿಂಗ್ ಮಾತಾಡೋಣ.

ಈಗ ಮಾಡಬೇಕಾದ್ದು. ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ಬರೆಯಿರಿ: ಏನು ಮಾಡಿದಿರಿ, ಎಷ್ಟು ಹೊತ್ತು, ಆವತ್ತು ಹೇಗಿತ್ತು, ಮುಂದಿನ ಎರಡು ದಿನ ಹೇಗಿತ್ತು. ಯಾವುದು ಹಾಸಿಗೆ ಹಿಡಿಸುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ. ಆಗುತ್ತೆ ಅನ್ನಿಸಿದ್ದರಲ್ಲಿ ಅರ್ಧಕ್ಕೇ ನಿಲ್ಲಿಸಿ. ಮೈ ಹಗುರಾದ ದಿನ ಇನ್ನೂ ಹುಷಾರು, ನೀವು ಸಿಕ್ಕಿಬೀಳುವುದು ಆ ದಿನವೇ. ತರಕಾರಿ ಕೂತು ಹೆಚ್ಚಿ, ಸ್ನಾನಕ್ಕೆ ಸ್ಟೂಲ್ ಇಟ್ಟುಕೊಳ್ಳಿ, ಬಟ್ಟೆ ಮತ್ತು ಪಾತ್ರೆ ಒಂದೇ ದಿನ ಬೇಡ. ಹುಬ್ಬಳ್ಳಿಯಲ್ಲಿ ಕಡಕ್ ರೊಟ್ಟಿಗೆ ಬರವಿಲ್ಲ, ಒಂದಷ್ಟು ದಿನ ಕೊಂಡು ತಿಂದರೆ ಮನೆ ಮುಳುಗುವುದಿಲ್ಲ.

ಎರಡು ವಾರ ಒಮ್ಮೆಯೂ ಹಾಗೆ ಹಾಸಿಗೆ ಹಿಡಿಯದಿದ್ದರೆ ಆಗ ಸಮನೆಲದಲ್ಲಿ ಐದು ನಿಮಿಷ ನಡೆಯಿರಿ, ಮಾತಾಡುತ್ತಾ ನಡೆಯುವಷ್ಟು ನಿಧಾನ. ಎರಡು ದಿನ ಕಾದು ನೋಡಿ. ಏನೂ ಆಗದಿದ್ದರೆ ಅಷ್ಟನ್ನೇ ಮುಂದುವರಿಸಿ. ದಿನಾ ಸ್ವಲ್ಪ ಸ್ವಲ್ಪ ಏರಿಸಿದರೆ ಸರಿಹೋಗುತ್ತದೆ ಅನ್ನುವ ಹಳೆಯ ಲೆಕ್ಕ ನಿಮಗೆ ಅನ್ವಯಿಸುವುದಿಲ್ಲ. ಇಂಥದೇ ಲಕ್ಷಣದ, ವರ್ಷಗಟ್ಟಲೆ ಕಾಡುವ ಸುಸ್ತಿನ ರೋಗಕ್ಕೆ (ಕ್ರಾನಿಕ್ ಫಟೀಗ್ ಸಿಂಡ್ರೋಮ್) ಚಿಕಿತ್ಸೆಯ ಮಾರ್ಗಸೂಚಿ ಕೊಡುವ ಬ್ರಿಟನ್‌ನ ನೈಸ್ ಸಂಸ್ಥೆ ಆ ಪದ್ಧತಿಯನ್ನು 2021ರಲ್ಲೇ ಕೈಬಿಟ್ಟಿತು.

ಹಾಗಂತ ಎಲ್ಲವನ್ನೂ ಕೊರೋನಾ ತಲೆಗೆ ಕಟ್ಟಬೇಡಿ. ಕೊರೋನಾ ಹೋದ ಮೇಲೂ ತಿಂಗಳುಗಟ್ಟಲೆ ಉಳಿಯುವ ತೊಂದರೆಗೆ ಲಾಂಗ್ ಕೋವಿಡ್ ಅನ್ನುತ್ತಾರೆ, ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ವ್ಯಾಖ್ಯೆಯಲ್ಲೇ 'ಬೇರೆ ಕಾರಣ ಸಿಗದಿದ್ದರೆ' ಅಂತ ಇದೆ. ಆ 'ನಾರ್ಮಲ್' ರಿಪೋರ್ಟ್‌ನಲ್ಲಿ ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್ ಇದೆಯಾ ನೋಡಿ. ಹಿಮೋಗ್ಲೋಬಿನ್ 8 ಇಟ್ಟುಕೊಂಡು ಲಾಂಗ್ ಕೋವಿಡ್ ಅಂತ ಬರುವವರನ್ನು ನೋಡಿದ್ದೇನೆ. ಮಲಗಿದ್ದು ಎದ್ದು ನಿಂತಾಗ ಎದೆ ಡವಡವ ಅನ್ನುತ್ತಾ? ಐದು ನಿಮಿಷ ಮಲಗಿ ನಾಡಿ ಎಣಿಸಿ. ಆಮೇಲೆ ನಿಂತು ಹತ್ತು ನಿಮಿಷದೊಳಗೆ ಎರಡು ಮೂರು ಸಲ ಎಣಿಸಿ. ಪಕ್ಕದಲ್ಲಿ ಯಾರಾದರೂ ಇರಲಿ. ನಾಡಿ ನಿಮಿಷಕ್ಕೆ 30 ಅಥವಾ ಅದಕ್ಕಿಂತ ಜಾಸ್ತಿ ಏರಿ ಇಳಿಯದಿದ್ದರೆ ಡಾಕ್ಟರಿಗೆ ಆ ಅಂಕಿ ತೋರಿಸಿ.

ಪ್ರಶ್ನೆ: 28 ವರ್ಷ, ನಾಲ್ಕು ದಿನ ಜ್ವರ ಇತ್ತು. ನಿನ್ನೆ ನೆಗೆಟಿವ್ ಬಂತು. ಇವತ್ತಿಂದ ಜಿಮ್ ಓಕೆನಾ? – ಬೆಂಗಳೂರು

ಉತ್ತರ: ಇಲ್ಲ. ಯಾವ ಲಕ್ಷಣವೂ ಇಲ್ಲದೆ ಏಳು ದಿನ ಕಳೆಯಲಿ. ಆಮೇಲೆ ಎರಡು ವಾರ ಹಗುರ ನಡಿಗೆ, ಸ್ಟ್ರೆಚಿಂಗ್ ಮಾತ್ರ. ಭಾರ ಎತ್ತೋದು ಅದಾದ ಮೇಲೆ. ನಾನು ಈ ವಿಷಯದಲ್ಲಿ ಸ್ವಲ್ಪ ಪುಕ್ಕಲು, ಒಪ್ಪುತ್ತೇನೆ. ಕಾರಣ ಇದೆ. ಶಟಲ್ ಆಡುವ ಒಬ್ಬರು ನ್ಯುಮೋನಿಯಾ ಆಗಿ ಮನೆಗೆ ಹೋಗಿದ್ದವರು, 'ಭಾನುವಾರ ಮ್ಯಾಚ್ ಇದೆ ಸಾರ್' ಅಂತ ಬಂದರು. ಕುರ್ಚಿಯಲ್ಲಿ ಕೂತಾಗ ಆಕ್ಸಿಜನ್ 97. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿ ಆಸ್ಪತ್ರೆ ಕಾರಿಡಾರ್‌ನಲ್ಲಿ ಆರು ನಿಮಿಷ ನಡೆಸಿದೆ. 88ಕ್ಕೆ ಇಳಿಯಿತು. ಅವರಿಗೆ ಏನೂ ಅನ್ನಿಸಿರಲಿಲ್ಲ, ಅದೇ ಭಯ. ಕೂತಾಗಿನ ಅಂಕಿ ನೋಡಿ ಸಮಾಧಾನ ಪಡುವುದನ್ನು ನಾನು ಅವತ್ತೇ ಬಿಟ್ಟೆ.

ಪ್ರಶ್ನೆ: ಉಸಿರಾಟದ ವ್ಯಾಯಾಮಕ್ಕೆ ಅಂತ ಮೂರು ಚೆಂಡಿನ ಸಾಧನ ದಿನಾ ಊದುತ್ತಿದ್ದೇನೆ. ಚೆಂಡು ಮೇಲೇಳುತ್ತಲೇ ಇಲ್ಲ.

ಉತ್ತರ: ಅದನ್ನು ಊದಬಾರದು, ಒಳಕ್ಕೆ ಎಳೆಯಬೇಕು. ತಪ್ಪು ನಿಮ್ಮದಲ್ಲ, ಹೇಳಿಕೊಡದೆ ಮಾರಿದವರದು.

ಪ್ರಶ್ನೆ: 30 ಸೆಕೆಂಡ್ ಉಸಿರು ಹಿಡಿದರೆ ಶ್ವಾಸಕೋಶ ಸರಿ ಇದೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ.

ಉತ್ತರ: ಸುಳ್ಳು. ಫಾರ್ವರ್ಡ್ ಮಾಡಬೇಡಿ.

ಪ್ರಶ್ನೆ: ಅಮೃತಬಳ್ಳಿ ಕಷಾಯ ದಿನಕ್ಕೆ ಮೂರು ಲೋಟ ಸಾಕಾ?

ಉತ್ತರ: ಜಾಸ್ತಿಯೇ ಆಯ್ತು, ನಿಲ್ಲಿಸಿ. 2021ರಲ್ಲಿ ಮುಂಬೈ ವೈದ್ಯರು ಅಮೃತಬಳ್ಳಿ ಸೇವಿಸಿದ 6 ಮಂದಿಯಲ್ಲಿ ಲಿವರ್ ತೊಂದರೆ ಕಂಡು ವರದಿ ಮಾಡಿದ್ದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಆದರೂ ನನ್ನ ರೋಗಿಗಳಿಗೆ ನಾನು ಕುಡಿಯಲು ಬಿಡುವುದಿಲ್ಲ. 'ಶ್ವಾಸಕೋಶ ಕ್ಲೀನ್' ಮಾಡುವ ಪುಡಿ ಬಗ್ಗೆ ಕೇಳಿದವರಿಗೂ ಇಲ್ಲೇ ಉತ್ತರ: ಶ್ವಾಸಕೋಶ ಅಡುಗೆಮನೆ ಸಿಂಕಲ್ಲ.

ಪ್ರಶ್ನೆ: ಕೂದಲು ಹಿಡಿ ಹಿಡಿ ಉದುರುತ್ತಿದೆ.

ಉತ್ತರ: ಜೋರು ಜ್ವರ ಬಂದು ಎರಡು ಮೂರು ತಿಂಗಳಿಗೆ ಹೀಗಾಗುತ್ತದೆ. ಮತ್ತೆ ಬೆಳೆಯುತ್ತದೆ. ದುಬಾರಿ ಎಣ್ಣೆ ಬೇಡ.

ಪ್ರಶ್ನೆ: ಮೆಟ್ಟಿಲು ಹತ್ತುವಾಗ ಎದೆ ಬಿಗಿಯುತ್ತದೆ, ಒಮ್ಮೆ ಕಣ್ಣು ಕತ್ತಲೆ ಬಂದು ಬಿದ್ದೆ. ಯಾವ ವ್ಯಾಯಾಮ ಮಾಡಲಿ?

ಉತ್ತರ: ನಿಮ್ಮ ಪತ್ರ ನನ್ನ ಕೈ ಸೇರಿದ್ದು ಒಂಬತ್ತು ದಿನಕ್ಕೆ. ಫೋನ್ ಮಾಡಿ ಆಸ್ಪತ್ರೆಗೆ ಕಳಿಸಿದ್ದಾಯ್ತು. ಉಳಿದವರು ಕೇಳಿಸಿಕೊಳ್ಳಿ: ಎದೆನೋವು, ತಲೆಸುತ್ತಿ ಬೀಳೋದು, ಮಲಗಿದರೆ ಉಸಿರು ಕಟ್ಟೋದು, ಒಂದೇ ಕಾಲು ಊದಿಕೊಳ್ಳೋದು, ಇದರಲ್ಲಿ ಒಂದಿದ್ದರೂ ನನಗೆ ಪತ್ರ ಬರೆಯಬೇಡಿ. ಆಟೋ ಹತ್ತಿ.