‘ಕಥೋಲಿಕರು’ ಅಂದರೆ ಯಾರು? ಒಬ್ಬ ಹೊಸ ಬರಹಗಾರರಿಗೆ ಪತ್ರ

ನಮಸ್ಕಾರ.

ನಿಮ್ಮ ಲೇಖನ ಎರಡು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಪಕ್ಕಕ್ಕಿಟ್ಟೆ. ರಾತ್ರಿ ಊಟ ಆದ ಮೇಲೆ ಮತ್ತೆ ತೆಗೆದೆ. ಒಂಬತ್ತನೇ ಪುಟದಲ್ಲಿ ಬಂದು ಹೋಗುವ ಆ ವಯಸ್ಸಾದವರು ನನ್ನ ಮನಸ್ಸಿನಿಂದ ಹೋಗಿರಲಿಲ್ಲ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಉತ್ತರವನ್ನು ನಿಮ್ಮ ಒಪ್ಪಿಗೆ ಪಡೆದು, ನಿಮ್ಮ ಹೆಸರು ಬಿಟ್ಟು ಪತ್ರಿಕೆಯಲ್ಲಿ ಹಾಕುತ್ತಿದ್ದೇನೆ. ಹಾಗಾಗಿ ಓದುಗರಿಗೆ ಎರಡು ಮಾತಲ್ಲಿ ವಿಷಯ ಹೇಳಿಬಿಡುತ್ತೇನೆ. 2010ರ ಆಗಸ್ಟ್ 28ರಂದು ಅಮೆರಿಕದ ಟಿವಿ ಮತ್ತು ರೇಡಿಯೊ ನಿರೂಪಕ ಗ್ಲೆನ್ ಬೆಕ್ ವಾಷಿಂಗ್ಟನ್ನಿನ ಲಿಂಕನ್ ಸ್ಮಾರಕದ ಮುಂದೆ ದೊಡ್ಡ ಸಭೆ ನಡೆಸಿದರು. ಅಮೆರಿಕ ಇವತ್ತಿನಿಂದ ದೇವರ ಕಡೆ ತಿರುಗುತ್ತಿದೆ ಎಂದು ಅಲ್ಲಿಂದ ಸಾರಿದರು. ಬೆಕ್ ಕಥೋಲಿಕ ಮನೆಯಲ್ಲಿ ಬೆಳೆದವರು, 1999ರಲ್ಲಿ ಮಾರ್ಮನ್ ಅನ್ನೋ, ಅಮೆರಿಕದಲ್ಲೇ ಹುಟ್ಟಿದ ಬೇರೆ ಧರ್ಮಪಂಥ ಸೇರಿದವರು. ಅವರ ಈ ಕರೆಯನ್ನು ಅಲ್ಲಿನ ಕಥೋಲಿಕರು ಹೇಗೆ ಕಂಡರು ಅನ್ನೋದೇ ನಿಮ್ಮ ಲೇಖನ. ಆಗ ನೀವು ಅಲ್ಲಿ ಓದುತ್ತಿದ್ದಿರಿ, ಆ ದಿನ ಹುಲ್ಲಿನ ಮೇಲೆ ನಿಂತಿದ್ದಿರಿ.

ಒಳ್ಳೆಯದನ್ನು ಮೊದಲು ಹೇಳಬೇಕು. ನಿಮ್ಮ ಕನ್ನಡ ಶುದ್ಧವಾಗಿದೆ. ಜನರ ಲೆಕ್ಕದಲ್ಲಿ ಎಚ್ಚರ ವಹಿಸಿದ್ದೀರಿ. ಲಕ್ಷ ಲಕ್ಷ ಅಂತ ಬರೆಯದೆ, ಸಿಬಿಎಸ್ ಸುದ್ದಿಸಂಸ್ಥೆ ಆಕಾಶದಿಂದ ಫೋಟೊ ತೆಗೆಸಿ ಎಣಿಸಿದಾಗ ಸಿಕ್ಕ ಸುಮಾರು 87,000 ಅನ್ನೋದನ್ನೂ ಕೊಟ್ಟಿದ್ದೀರಿ. ಇದು ಸರಿ.

ಈಗ ನನ್ನ ಸಿಟ್ಟಿಗೆ ಬರುತ್ತೇನೆ.

ಪೆನ್ಸಿಲ್ ಹಿಡಿದು ಎಣಿಸಿದೆ. ಹದಿನಾಲ್ಕು ಪುಟದಲ್ಲಿ ‘ಕಥೋಲಿಕರು’ ಅನ್ನೋ ಪದ ನಲವತ್ತೊಂದು ಸಲ ಬಂದಿದೆ. ಕಥೋಲಿಕರು ಹೇಳುತ್ತಾರೆ, ಕಥೋಲಿಕರು ಒಪ್ಪುವುದಿಲ್ಲ, ಕಥೋಲಿಕರಿಗೆ ನೋವಾಯಿತು. ಒಬ್ಬರಿಗೂ ಹೆಸರಿಲ್ಲ, ಊರಿಲ್ಲ. ನಾನೂ ಕಥೋಲಿಕ ಧರ್ಮಸಭೆಯಲ್ಲೇ ಹುಟ್ಟಿ ಬೆಳೆದವನು. ನಮ್ಮ ಮನೆಯಲ್ಲೇ ರಾತ್ರಿ ಜಪಸರ ಮುಗಿಯೋ ಹೊತ್ತಿಗೆ ಮೂರು ಅಭಿಪ್ರಾಯ ಇರುತ್ತಿತ್ತು. ನನ್ನವರನ್ನು ಹೀಗೆ ಒಂದೇ ಬಾಯಿ ಮಾಡಿ ನಿಲ್ಲಿಸಿದರೆ ನನಗೆ ತಡೆಯೋಕ್ಕಾಗಲ್ಲ.

ನಿಮ್ಮ ಮೂರು ಸಾಲು ತೆಗೆದುಕೊಳ್ಳೋಣ.

“ಕಥೋಲಿಕರು ಇಂಥ ರಾಷ್ಟ್ರೀಯ ಕರೆಗಳನ್ನು ಮೊದಲಿನಿಂದಲೂ ಅನುಮಾನದಿಂದ ನೋಡುತ್ತಾರೆ.” ಯಾವ ಮೊದಲು? ಯಾಕೆ ಅನುಮಾನ? ಈ ಸಾಲಿನ ಹಿಂದೆ ಬೆಂಕಿ ಇದೆ, ನೀವು ಅದನ್ನು ತೋರಿಸಿಲ್ಲ. 1834ರ ಆಗಸ್ಟಿನಲ್ಲಿ ಬಾಸ್ಟನ್ನಿನಲ್ಲಿ ಲೈಮನ್ ಬೀಚರ್ ಅನ್ನುವ ಹೆಸರಾಂತ ಪ್ರಾಟೆಸ್ಟಂಟ್ ಬೋಧಕರು ಕಥೋಲಿಕರ ವಿರುದ್ಧ ಪ್ರಸಂಗ ಮಾಡಿದರು. ದೇಶವನ್ನು ದೇವರ ಕಡೆ ತಿರುಗಿಸಬೇಕು ಅಂತ ಊರೂರಲ್ಲಿ ಕೂಟಗಳು ನಡೆಯುತ್ತಿದ್ದ ಕಾಲ ಅದು. ಬೀಚರ್ ಅದರ ಮುಂದಾಳುಗಳಲ್ಲಿ ಒಬ್ಬರು. ಅದೇ ದಿನಗಳಲ್ಲಿ ಪಕ್ಕದ ಚಾರ್ಲ್ಸ್‌ಟೌನಿನಲ್ಲಿ ಉರ್ಸುಲೈನ್ ಕನ್ಯಾಸ್ತ್ರೀಯರ ಮಠಕ್ಕೆ ಜನ ಬೆಂಕಿ ಹಚ್ಚಿದರು. ಒಳಗೆ ಶಾಲೆ ಇತ್ತು, ಓದುತ್ತಿದ್ದ ಹುಡುಗಿಯರಿದ್ದರು. ಹತ್ತು ವರ್ಷದ ಮೇಲೆ, 1844ರಲ್ಲಿ, ಫಿಲಡೆಲ್ಫಿಯಾದಲ್ಲಿ ಇನ್ನೊಂದು ಗಲಾಟೆ. ಸರ್ಕಾರಿ ಶಾಲೆಗಳಲ್ಲಿ ಪ್ರಾಟೆಸ್ಟಂಟರ ಕಿಂಗ್ ಜೇಮ್ಸ್ ಬೈಬಲ್ ಓದಿಸುತ್ತಿದ್ದರು. ನಮ್ಮ ಮಕ್ಕಳು ನಮ್ಮ ಬೈಬಲನ್ನೇ ಓದಲಿ ಎಂದು ಅಲ್ಲಿನ ಕಥೋಲಿಕ ಧರ್ಮಾಧ್ಯಕ್ಷ (ಬಿಷಪ್) ಫ್ರಾನ್ಸಿಸ್ ಕೆನ್ರಿಕ್ ಕೇಳಿದ್ದರು. ಆ ಜಗಳ ಬೆಳೆದು ಸಂತ ಮಿಖಾಯಿಲರ ಚರ್ಚು, ಸಂತ ಅಗಸ್ಟೀನರ ಚರ್ಚು ಎರಡೂ ಸುಟ್ಟುಹೋದವು. ದೇಶ ದೇವರ ಕಡೆ ತಿರುಗಲಿ ಅಂತ ಯಾರಾದರೂ ಕೂಗಿದರೆ, ಐರಿಷ್ ಕಥೋಲಿಕ ವಲಸಿಗರ ಮೊಮ್ಮಗಳೊಬ್ಬಳ ಎದೆಯಲ್ಲಿ ಮೊದಲು ಏಳುವ ಪ್ರಶ್ನೆ ‘ಯಾರ ದೇವರ ಕಡೆ, ಯಾರ ಬೈಬಲ್ ಹಿಡಿದು’ ಅನ್ನೋದೇ. ‘ಅನುಮಾನ’ ಅಂತ ಒಂದು ಪದ ಬರೆದು ನೀವು ಇಷ್ಟನ್ನೂ ಬಿಟ್ಟುಬಿಟ್ಟಿರಲ್ಲ!

ಎರಡನೇ ಸಾಲು: “ಸಾಮಾಜಿಕ ನ್ಯಾಯದ ಬಗ್ಗೆ ಬೆಕ್ ಆಡಿದ ಮಾತಿಗೆ ಕಥೋಲಿಕರು ಕೋಪಗೊಂಡರು.” ಅದೇ ವರ್ಷದ ಮಾರ್ಚಿನಲ್ಲಿ ಬೆಕ್ ರೇಡಿಯೊದಲ್ಲಿ ಹೇಳಿದ್ದರು: ನಿಮ್ಮ ಚರ್ಚಿನ ವೆಬ್‌ಸೈಟಿನಲ್ಲಿ ‘ಸಾಮಾಜಿಕ ನ್ಯಾಯ’ ಅನ್ನೋ ಪದ ಇದೆಯಾ ನೋಡಿ, ಇದ್ದರೆ ಅಲ್ಲಿಂದ ಓಡಿ, ಅದು ಕಮ್ಯುನಿಸಂನಂಥದ್ದಕ್ಕೆ ಗುಪ್ತ ಸಂಕೇತ ಎಂದು. ಜೆಸ್ವಿಟ್ ಅನ್ನೋ ಕಥೋಲಿಕ ಸನ್ಯಾಸಿ ಸಂಘದ ಗುರು ಜೇಮ್ಸ್ ಮಾರ್ಟಿನ್ ಇದಕ್ಕೆ ಖಾರವಾಗಿ ಉತ್ತರ ಬರೆದರು. ಅವರ ಹೆಸರು ನಿಮ್ಮಲ್ಲಿಲ್ಲ. ಹೆಸರಿಗಿಂತ ದೊಡ್ಡ ಕೊರತೆ ಇನ್ನೊಂದಿದೆ. ಕನ್ನಡದ ಓದುಗರು ‘ಸಾಮಾಜಿಕ ನ್ಯಾಯ’ ಅಂತ ಓದಿದರೆ ಅವರ ಕಣ್ಣ ಮುಂದೆ ಬರೋದು ದೇವರಾಜ ಅರಸು, ಹಾವನೂರು ಆಯೋಗ, ಮೀಸಲಾತಿ. ಪೋಪ್ ಬರೋದೇ ಇಲ್ಲ. ಈ ಪದ ಧರ್ಮಸಭೆಯೊಳಗೆ ಎಲ್ಲಿಂದ ಬಂತು ಅಂತ ನೀವೇ ಹೇಳಬೇಕು. ಇದನ್ನು ಬಳಕೆಗೆ ತಂದವರು 1840ರ ದಶಕದಲ್ಲಿ ಇಟಲಿಯ ಜೆಸ್ವಿಟ್ ಲುಯಿಜಿ ತಪರೆಲ್ಲಿ. 1891ರಲ್ಲಿ ಪೋಪ್ 13ನೇ ಲಿಯೋ ಕೂಲಿಕಾರರ ಬಗ್ಗೆ ಪತ್ರ ಬರೆದರು. ಬದುಕೋಕೆ ಸಾಕಾಗುವ ಕೂಲಿ ಕೊಡಬೇಕು, ಕಾರ್ಮಿಕರು ಸಂಘ ಕಟ್ಟಿಕೊಳ್ಳಬಹುದು ಅಂದರು. ಅದೇ ಪತ್ರದಲ್ಲಿ ಸಮಾಜವಾದವನ್ನು ತಳ್ಳಿಹಾಕಿದರು, ಖಾಸಗಿ ಆಸ್ತಿಯನ್ನು ಎತ್ತಿ ಹಿಡಿದರು. 1931ರಲ್ಲಿ 11ನೇ ಪಿಯುಸ್ ಸಾಮಾಜಿಕ ನ್ಯಾಯ ಅನ್ನೋ ಪದವನ್ನೇ ಮತ್ತೆ ಮತ್ತೆ ಬಳಸಿದರು. 1937ರಲ್ಲಿ ಕಮ್ಯುನಿಸಂ ಅನ್ನು ನೇರವಾಗಿ ಖಂಡಿಸಿ ಬರೆದ ಪತ್ರದಲ್ಲೂ ಅದೇ ಪದ ಇದೆ. ಕಮ್ಯುನಿಸ್ಟರನ್ನು ಖಂಡಿಸಿದ ಪೋಪ್ ಅದೇ ಉಸಿರಲ್ಲಿ ಸಾಮಾಜಿಕ ನ್ಯಾಯ ಕೇಳಿದರು. ಬೆಕ್ ಮಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಾ? ಇದನ್ನು ಹೇಳಿದ್ದರೆ ‘ಕೋಪಗೊಂಡರು’ ಅನ್ನೋ ಪದವೇ ಬೇಕಿರಲಿಲ್ಲ.

ಇಲ್ಲೇ ನಮಗೆ ನೋವಾಗುವ ಇನ್ನೊಂದು ವಿಷಯವೂ ಇದೆ, ಅದನ್ನೂ ಬಿಡಬೇಡಿ. 1930ರ ದಶಕದಲ್ಲಿ ಅಮೆರಿಕದ ರೇಡಿಯೊದಲ್ಲಿ ಕೋಟಿಗಟ್ಟಲೆ ಜನ ಕೇಳುತ್ತಿದ್ದ ದನಿ ನಮ್ಮದೇ ಗುರು ಚಾರ್ಲ್ಸ್ ಕಾಫ್ಲಿನ್ ಅವರದ್ದು. ಮಿಷಿಗನ್ನಿನ ರಾಯಲ್ ಓಕ್‌ನ ಚರ್ಚಿನಿಂದ ಅವರು ಮಾತಾಡುತ್ತಿದ್ದರು. 1934ರಲ್ಲಿ ಕಟ್ಟಿದ ಸಂಘಟನೆಯ ಹೆಸರಲ್ಲೂ, ಆಮೇಲೆ ತಂದ ಪತ್ರಿಕೆಯ ಹೆಸರಲ್ಲೂ ‘ಸಾಮಾಜಿಕ ನ್ಯಾಯ’ ಇತ್ತು. ಬರುಬರುತ್ತಾ ಯೆಹೂದ್ಯರ ಮೇಲೆ ವಿಷ ಕಾರಿದರು. 1942ರಲ್ಲಿ ಅವರ ಧರ್ಮಾಧ್ಯಕ್ಷರೇ ಬಾಯಿ ಮುಚ್ಚಿಸಬೇಕಾಯಿತು. ಮೈಕ್ ಹಿಡಿದವರು ದೇಶದ ಆತ್ಮದ ಬಗ್ಗೆ ಮಾತಾಡಿದಾಗ ಹಳೆಯ ಕಥೋಲಿಕರೊಬ್ಬರು ಹಿಂಜರಿದರೆ, ಅದರಲ್ಲಿ ತಮ್ಮವರೇ ಮಾಡಿದ ತಪ್ಪಿನ ನೆನಪೂ ಇರುತ್ತೆ.

ಮೂರನೇ ಸಾಲು: “ಆದರೂ ಗರ್ಭಪಾತದ ವಿಷಯದಲ್ಲಿ ಕಥೋಲಿಕರು ಬೆಕ್ ಜೊತೆಗಿದ್ದರು.” ಮತ್ತೆ ಅದೇ. ವೇದಿಕೆ ಮೇಲೆ ಮಾತಾಡಿದವರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ತಮ್ಮನ ಮಗಳು ಆಲ್ವೀಡಾ ಕಿಂಗ್ ಇದ್ದರು. ಆಕೆ ಕಥೋಲಿಕಳಲ್ಲ. ಆದರೆ ಗರ್ಭಪಾತದ ವಿರುದ್ಧ ಕಥೋಲಿಕ ಗುರುಗಳು ನಡೆಸುವ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದವರು. ಈ ಒಬ್ಬ ಹೆಂಗಸನ್ನು ತೋರಿಸಿದ್ದರೆ ನಿಮ್ಮ ಸಾಲು ನಿಲ್ಲುತ್ತಿತ್ತು. ಇನ್ನೊಂದು ಕಡೆ, ಅದೇ ಮೆಟ್ಟಿಲ ಮೇಲೆ, ಅದೇ ಆಗಸ್ಟ್ 28ರಂದು, 1963ರಲ್ಲಿ ಕಿಂಗ್ ಅವರ ಸಭೆಯನ್ನು ಪ್ರಾರ್ಥನೆಯಿಂದ ಶುರು ಮಾಡಿದವರು ವಾಷಿಂಗ್ಟನ್ನಿನ ಕಥೋಲಿಕ ಮಹಾಧರ್ಮಾಧ್ಯಕ್ಷ ಪ್ಯಾಟ್ರಿಕ್ ಓಬಾಯ್ಲ್. ಅಂದು ಮಾತಾಡಬೇಕಿದ್ದ ಯುವ ಹೋರಾಟಗಾರ ಜಾನ್ ಲೂಯಿಸ್ ಅವರ ಭಾಷಣ ತುಂಬಾ ಖಾರವಾಯಿತು, ಬದಲಾಯಿಸದಿದ್ದರೆ ನಾನು ಬರಲ್ಲ ಅಂತ ಪಟ್ಟು ಹಿಡಿದವರೂ ಅವರೇ. ಹಿಂಜರಿದರು, ಆದರೆ ಬಂದರು. ಒಬ್ಬ ಮನುಷ್ಯನೊಳಗೇ ಎರಡು ಇತ್ತು, ನೋಡಿ.

ನನಗೆ ಈ ಪಾಠ ಕಲಿಸಿದವರ ಬಗ್ಗೆ ಹೇಳಬೇಕು. ನಾನು ಕೆಲಸಕ್ಕೆ ಸೇರಿದ್ದು ಒಂದು ಚಿಕ್ಕ ವಾರಪತ್ರಿಕೆಯಲ್ಲಿ. ಆಗ ಇನ್ನೂ ಅಚ್ಚುಮೊಳೆ ಕೈಯಲ್ಲಿ ಜೋಡಿಸುವ ಕಾಲ. ಬೆಂಗಳೂರಿನ ಚರ್ಚುಗಳಲ್ಲಿ ಬಲಿಪೂಜೆ ಕನ್ನಡದಲ್ಲಿರಬೇಕಾ, ತಮಿಳಲ್ಲಾ, ಕೊಂಕಣಿಯಲ್ಲಾ ಅನ್ನೋ ಜಗಳ ಜೋರಾಗಿತ್ತು. ನಾನು ವರದಿ ಬರೆದೆ. ಮೊದಲ ಸಾಲು, “ಪೂಜೆಯ ಭಾಷೆ ಬಗ್ಗೆ ಕಥೋಲಿಕರಲ್ಲಿ ತೀವ್ರ ಅಸಮಾಧಾನ.” ಸಂಪಾದಕರು ಓದಿ, ಕನ್ನಡಕ ತೆಗೆದಿಟ್ಟು ಕೇಳಿದರು:

“ಎಷ್ಟು ಜನರನ್ನ ಮಾತಾಡಿಸಿದೆ?”

“ಮೂರು ಜನ, ಸರ್.”

“ಹಾಗಾದ್ರೆ ಮೂರು ಜನ ಅಂತ ಬರಿ. ಇಲ್ಲ ಅಂದ್ರೆ ಭಾನುವಾರ ಹೋಗಿ ಗೇಟ್ ಹತ್ರ ನಿಂತ್ಕೋ.”

ಹೋಗಿ ನಿಂತೆ. ಎರಡು ಪೂಜೆ ಮುಗಿದವು. ಗೇಟಿನ ಪಕ್ಕ ಒಬ್ಬ ಅಮ್ಮ ಗೋಣಿಚೀಲ ಹಾಸಿ ಮೇಣದಬತ್ತಿ ಮಾರುತ್ತಿದ್ದರು. ಕೈಬೆರಳುಗಳ ಮೇಲೆಲ್ಲ ಮೇಣ ಅಂಟಿ ಒಣಗಿತ್ತು. ಅವರನ್ನೂ ಕೇಳಿದೆ. ಅವರು ಬತ್ತಿ ಎಣಿಸುತ್ತಲೇ ಹೇಳಿದರು: “ಪೂಜೆ ಕನ್ನಡದಲ್ಲೇ ಇರ್ಲಿ ಸಾಮಿ, ಮಕ್ಕಳಿಗೆ ಅದೇ ಗೊತ್ತಾಗೋದು. ನಾನು ಸತ್ತಾಗ ಮಾತ್ರ ತಮಿಳಲ್ಲಿ ಹಾಡ್ಲಿ. ನಮ್ಮವ್ವಂಗೆ ಅದನ್ನೇ ಹಾಡಿದ್ದು.”

ಆ ವರದಿ ಹೊಸದಾಗಿ ಬರೆದೆ. ‘ಕಥೋಲಿಕರು’ ಅನ್ನೋ ಪದ ಒಂದೇ ಸಲ ಬಂತು. ಸಂಪಾದಕರು ಏನೂ ಹೇಳಲಿಲ್ಲ, ನೇರ ಮೊಳೆ ಜೋಡಿಸುವವರ ಕೈಗೆ ಕೊಟ್ಟರು. ಆ ಖುಷಿ ಇವತ್ತಿಗೂ ನನ್ನಲ್ಲಿದೆ.

ಇನ್ನೊಂದೇ ತಕರಾರು. ನಿಮ್ಮ ಶೀರ್ಷಿಕೆ, ‘ಒಂದು ರಾಷ್ಟ್ರದ ಪುನರುತ್ಥಾನ’. ಪುನರುತ್ಥಾನ ಅಂದರೆ ನಮಗೆ ಒಂದೇ. ಯೇಸು ಸಮಾಧಿಯಿಂದ ಎದ್ದದ್ದು, ಕಡೇ ದಿನ ನಾವೆಲ್ಲ ಏಳುತ್ತೇವೆ ಎಂದು ಭಾನುವಾರ ಪೂಜೆಯಲ್ಲಿ ವಿಶ್ವಾಸ ಸಂಗ್ರಹ ಅನ್ನೋ ಪ್ರಾರ್ಥನೆಯಲ್ಲಿ ಹೇಳುವುದು. ಅದನ್ನು ಒಂದು ಟಿವಿ ನಿರೂಪಕರ ಸಭೆಗೆ ಅಂಟಿಸಬೇಡಿ. ಆರಿದ ಭಕ್ತಿ ಮತ್ತೆ ಹೊತ್ತಿಕೊಳ್ಳುವುದಕ್ಕೆ ಕನ್ನಡದಲ್ಲಿ ಜನ ಬಳಸುವ ಪದ ಇದೆಯಲ್ಲ, ‘ಉಜ್ಜೀವನ’. ಉಜ್ಜೀವನ ಕೂಟ ಅಂತ ಗೋಡೆ ಗೋಡೆ ಮೇಲೆ ಪೋಸ್ಟರ್ ಇರುತ್ತೆ. ಆ ಪದ ಹಿಡಿದರೆ ನಿಮಗೆ ಇನ್ನೊಂದು ವಿಷಯವೂ ಸಿಗುತ್ತಿತ್ತು. 19ನೇ ಶತಮಾನದಲ್ಲಿ ಅಮೆರಿಕದ ಕಥೋಲಿಕರಲ್ಲೂ ಉಜ್ಜೀವನ ನಡೆಯುತ್ತಿತ್ತು. ಜೆಸ್ವಿಟ್ ಗುರುಗಳು, ರೆಡೆಂಪ್ಟರಿಸ್ಟ್ ಅನ್ನೋ ಇನ್ನೊಂದು ಸಂಘದ ಗುರುಗಳು ಊರಿಂದ ಊರಿಗೆ ಹೋಗಿ, ಒಂದೊಂದು ಧರ್ಮಕೇಂದ್ರದಲ್ಲಿ ವಾರಗಟ್ಟಲೆ ಇದ್ದು ಪ್ರಸಂಗ ಮಾಡುತ್ತಿದ್ದರು. ಸಾವು, ತೀರ್ಪು, ನರಕ ಎಲ್ಲ ಹೇಳಿ ಜನರನ್ನು ಅಳಿಸುತ್ತಿದ್ದರು. ಆದರೆ ಅದು ಮುಗಿಯುತ್ತಿದ್ದದ್ದು ಬಯಲಲ್ಲಿ ಕೈ ಎತ್ತುವುದರಿಂದ ಅಲ್ಲ. ಜನ ಸಾಲಲ್ಲಿ ನಿಂತು, ಒಬ್ಬೊಬ್ಬರಾಗಿ ಒಳಗೆ ಹೋಗಿ, ಮಂಡಿಯೂರಿ, ಗುರುಗಳ ಹತ್ತಿರ ಪಿಸುಮಾತಿನಲ್ಲಿ ಪಾಪನಿವೇದನೆ ಮಾಡುತ್ತಿದ್ದರು. ಬೆಕ್ ಇಡೀ ದೇಶ ಒಟ್ಟಿಗೆ ತಿರುಗಲಿ ಅಂದರು. ಕಥೋಲಿಕರು ಒಬ್ಬೊಬ್ಬರಾಗಿ ಒಳಗೆ ಹೋಗುವುದನ್ನು ಕಲಿತವರು. ನಿಮ್ಮ ಲೇಖನ ಹುಡುಕುತ್ತಿದ್ದ ವ್ಯತ್ಯಾಸ ಇದೇ ಅಂತ ನನಗನಿಸುತ್ತೆ. ಮಾರ್ಮನ್ ಸಭೆಯ ಜ್ಞಾನಸ್ನಾನವನ್ನು ವ್ಯಾಟಿಕನ್ 2001ರಲ್ಲಿ ಒಪ್ಪಲಿಲ್ಲ ಅನ್ನೋದನ್ನು ಎರಡು ಪುಟ ಬರೆದಿದ್ದೀರಿ, ಅದು ನಾಲ್ಕು ಸಾಲಾದರೆ ಸಾಕು.

ಈಗ ಒಂಬತ್ತನೇ ಪುಟ. ಅಲ್ಲಿ ನೀವು ಬರೆದಿದ್ದೀರಿ: ಪಕ್ಕದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ವಯಸ್ಸಾದವರು ಕೂತಿದ್ದರು, ಮಣಿಕಟ್ಟಿಗೆ ಜಪಸರ ಸುತ್ತಿತ್ತು. ವೇದಿಕೆಯಲ್ಲಿ ಪ್ರಾರ್ಥನೆ ಶುರುವಾದಾಗ ಅವರ ಬಲಗೈ ಹಣೆಯವರೆಗೆ ಹೋಯಿತು, ಅಲ್ಲೇ ನಿಂತಿತು. ಸುತ್ತ ನೋಡಿದರು. ಆಮೇಲೆ ಕೈಯನ್ನು ಮೆಲ್ಲಗೆ ಇಳಿಸಿ ಎದೆ ಮೇಲಿಟ್ಟುಕೊಂಡರು, ರಾಷ್ಟ್ರಗೀತೆಗೆ ಇಡುತ್ತಾರಲ್ಲ, ಹಾಗೆ.

ಮೂರು ಸಾಲು ಬರೆದು, “ಕಥೋಲಿಕರ ದ್ವಂದ್ವ ಇಂಥದ್ದು” ಅಂತ ಸೇರಿಸಿ ಮುಂದೆ ಹೋಗಿಬಿಟ್ಟಿದ್ದೀರಿ. ನಾನು ಆ ನಾಲ್ಕನೇ ಸಾಲನ್ನು ಪೆನ್ಸಿಲಿನಲ್ಲಿ ಹೊಡೆದುಹಾಕಿದ್ದೇನೆ. ನಿಮ್ಮ ಲೇಖನ ಶುರುವಾಗಬೇಕಾದ್ದು ಆ ಕೈಯಿಂದ. ಅವರ ಜೊತೆ ಮಾತಾಡಿದಿರಾ? ಯಾವ ಊರಿಂದ ಬಂದಿದ್ದರು? ಒಬ್ಬರೇ ಬಂದಿದ್ದರಾ? ಸಭೆ ಮುಗಿದು ಕುರ್ಚಿ ಮಡಚುವಾಗಲಾದರೂ ಶಿಲುಬೆಯ ಗುರುತು ಹಾಕಿಕೊಂಡರಾ? ನೆನಪಿದ್ದಷ್ಟನ್ನು ಬರೆಯಿರಿ, ನೆನಪಿಲ್ಲದ್ದನ್ನು ತುಂಬಿಸಬೇಡಿ.

ನಿಮ್ಮ ಹಸ್ತಪ್ರತಿಯನ್ನು ಗುರುತುಗಳ ಸಮೇತ ವಾಪಸ್ ಕಳಿಸುತ್ತಿದ್ದೇನೆ. ಮುಂದಿನ ಸಂಚಿಕೆಗೆ ಬೇಡ, ಅದರ ಮುಂದಿನದಕ್ಕೆ ಆರು ಪುಟ ಖಾಲಿ ಇಟ್ಟಿರುತ್ತೇನೆ.

ನಿಮ್ಮ,
ಸಂಪಾದಕ